ಸೀಟು ಇವತ್ತು, ಸ್ಕಾಲರ್‌ಷಿಪ್ಪು ಯಾವತ್ತು?



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ರೈತನ ಕೈ ಪೂರಾ ಬರಿದಾಗಿರುವ ತಿಂಗಳು ಯಾವುದು ಅಂತ ಯಾರನ್ನು ಬೇಕಾದರೂ ಕೇಳಿ. ಜುಲೈ, ಆಗಸ್ಟ್ ಅಂತಾರೆ. ಹೊಗೆಸೊಪ್ಪು ಮುರಿಯೋಕೆ ಬಂದಿರುತ್ತೆ. ಬ್ಯಾರನ್ನಿಗೆ ಸೌದೆ ಹೊಡೆಸಬೇಕು, ಮುರಿಯೋರಿಗೆ, ಕಟ್ಟೋರಿಗೆ ದಿನಾ ಕೂಲಿ ಎಣಿಸಬೇಕು. ಬ್ಯಾಂಕು ಕೊಟ್ಟ ಬೆಳೆಸಾಲ ಗೊಬ್ಬರ, ಸಸಿಮಡಿಗೇ ಮುಗಿದಿರುತ್ತೆ. ಕೆ.ಆರ್. ನಗರದ ಕಡೆ ನಾಲೆಗೆ ನೀರು ಬಿಟ್ಟು ನಾಟಿಯ ಖರ್ಚು ಶುರುವಾಗಿರುತ್ತೆ, ಭತ್ತ ಮನೆಗೆ ಬರೋದು ಡಿಸೆಂಬರು ಕಳೆದ ಮೇಲೆ. ಕೋಟೆ ಕಡೆ ಹತ್ತಿ, ಶುಂಠಿ ಇನ್ನೂ ಭೂಮಿಯಲ್ಲೇ. ಹೊಗೆಸೊಪ್ಪಿನ ಹರಾಜು ಶುರುವಾಗೋದು ಸೆಪ್ಟೆಂಬರು ಕೊನೆ, ಅಕ್ಟೋಬರು. ಅಲ್ಲಿ ಮಾರಿದ ದುಡ್ಡಿನಲ್ಲೂ ಮೊದಲು ಬ್ಯಾಂಕಿನ ಸಾಲ ಮುರಿದುಕೊಂಡು ಉಳಿದದ್ದು ನಮ್ಮ ಖಾತೆಗೆ.

ಸರಿಯಾಗಿ ಇದೇ ಜುಲೈ-ಆಗಸ್ಟಿನಲ್ಲಿ ನಮ್ಮ ಮಕ್ಕಳ ಮೊಬೈಲಿಗೆ ಸಂದೇಶ ಬರುತ್ತೆ. ಸಿಇಟಿಯಲ್ಲಿ ಸೀಟು ಸಿಕ್ಕಿದೆ, ಇಷ್ಟು ದಿನದೊಳಗೆ ಒಪ್ಪಿಕೊಳ್ಳಿ, ಇಷ್ಟು ಫೀಸು ಕಟ್ಟಿ. ಕೊಡುವ ಗಡುವು ನಾಕೈದು ದಿನ, ಹೆಚ್ಚಂದರೆ ವಾರ. ಮನೆಯಲ್ಲಿ ಹಬ್ಬ. ಊರಲ್ಲಿ ಸುದ್ದಿ. ಸಾಯಂಕಾಲದ ಹೊತ್ತಿಗೆ ಹಬ್ಬ ಇಳಿದು ಜಗಲಿ ಮೇಲೆ ಲೆಕ್ಕ ಶುರುವಾಗುತ್ತೆ. ಫೀಸು ಎಲ್ಲಿಂದ ತರೋದು? "ಸ್ಕಾಲರ್‌ಷಿಪ್ಪು ಬರುತ್ತಂತೆ ಕಣಪ್ಪ" ಅನ್ನುತ್ತಾನೆ ಹುಡುಗ. ಎಷ್ಟು? ಗೊತ್ತಿಲ್ಲ. ಯಾವಾಗ? ಗೊತ್ತಿಲ್ಲ. ನಮಗೆ ಬರುತ್ತೋ ಇಲ್ಲವೋ? ಸೇರಿದ ಮೇಲೆ ಅರ್ಜಿ ಹಾಕಿದರೆ ಗೊತ್ತಾಗುತ್ತಂತೆ. ಈ "ಅಂತೆ" ಮೇಲೆ ನಂಬಿಕೆ ಇಟ್ಟು ರೈತ ಮಾರನೇ ದಿನ ಬೆಳಿಗ್ಗೆ ಬಡ್ಡಿಯವರ ಬಾಗಿಲಿಗೆ ಹೋಗುತ್ತಾನೆ.

ನಮ್ಮ ಪತ್ರಿಕೆ ಬೆಳೆ ಬೆಲೆ, ಸಾಲದ ವಿಷಯ ಬರೆಯುವುದು ಬಿಟ್ಟು ಕಾಲೇಜಿನ ವಿಷಯಕ್ಕೆ ಯಾಕೆ ಬಂತು ಅಂತ ಕೇಳಬೇಡಿ. ಇದು ಸಾಲದ ವಿಷಯವೇ. ಹಿಂದೆ ಮದುವೆ, ಬೋರ್‌ವೆಲ್ಲು, ಆಸ್ಪತ್ರೆ ಅಂತ ಕೈಸಾಲ ಬೆಳೀತಿತ್ತು. ಈಗ ಆ ಸಾಲಿಗೆ ಕಾಲೇಜು ಸೇರಿದೆ.

ಬಡ್ಡಿ ಲೆಕ್ಕ ನೀವೇ ಹಾಕಿ ನೋಡಿ, ಪೆನ್ನು ಬೇಡ, ಬೆರಳಲ್ಲೇ ಆಗುತ್ತೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಸರ್ಕಾರಿ ಸೀಟಿಗೇ ಈಗ ವರ್ಷಕ್ಕೆ ಲಕ್ಷದ ಆಸುಪಾಸು ಫೀಸು. ಆ 1 ಲಕ್ಷವನ್ನು ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 3,000. ಜುಲೈನಲ್ಲಿ ತಂದು ಜನವರಿಯಲ್ಲಿ ಹರಾಜಿನ ದುಡ್ಡು ಬಂದಾಗ ತೀರಿಸಿದರೆ ಆರು ತಿಂಗಳಿಗೆ 18,000 ರೂಪಾಯಿ ಬರೀ ಬಡ್ಡಿ. 2021ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ರೈತ ವಿದ್ಯಾನಿಧಿ ಶುರುಮಾಡಿದಾಗ ಎಂಜಿನಿಯರಿಂಗು, ಎಂಬಿಬಿಎಸ್ ಓದುವ ರೈತನ ಮಗನಿಗೆ ಗೊತ್ತುಮಾಡಿದ್ದು ವರ್ಷಕ್ಕೆ 10,000, ಮಗಳಿಗೆ 11,000. ಬಿಎ, ಬಿಎಸ್ಸಿ, ಬಿಕಾಂ ಮಕ್ಕಳಿಗೆ 5,000 ಮತ್ತು 5,500. ಅಂದರೆ ಆ ಹತ್ತು ಸಾವಿರವನ್ನು ಬಡ್ಡಿಯವನು ಮೂರು ತಿಂಗಳು ಹತ್ತು ದಿನದಲ್ಲಿ ತಿಂದು ಮುಗಿಸುತ್ತಾನೆ. ಸರ್ಕಾರ ಕೊಟ್ಟಿದ್ದು ರೈತನಿಗಲ್ಲ, ಬಡ್ಡಿಯವನಿಗೆ ಅಂತಾಯ್ತು. ಯೋಜನೆ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ರೈತನ ಮಗ ಅನ್ನುವ ಕಾರಣಕ್ಕೇ ನೇರ ಖಾತೆಗೆ ದುಡ್ಡು ಹಾಕುವ ಯೋಚನೆ ಒಳ್ಳೆಯದೇ. ಆದರೆ ಫೀಸು ಕಟ್ಟುವ ದಿನ ಬರದ ದುಡ್ಡು, ಉತ್ತು ಬಿತ್ತಿ ಮುಗಿದ ಮೇಲೆ ಬಂದ ಬೀಜದ ಹಾಗೆ.

ಇಲ್ಲಿ ಒಂದು ಹಳೇ ಮಾತು ಬಿಡಿಸಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ "ಸರ್ಕಾರಿ ಸೀಟು ಸಿಕ್ತು, ಇನ್ನೇನು ಫ್ರೀ" ಅನ್ನುವವರಿದ್ದಾರೆ. ಆ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. ಡೊನೇಷನ್ ಹಾವಳಿ ತಡೆಯೋಕೆ ಕರ್ನಾಟಕದಲ್ಲಿ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. 1993ರಲ್ಲಿ ಸುಪ್ರೀಂ ಕೋರ್ಟು ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟನ್ನು ಸರ್ಕಾರಿ ಫೀಸಿಗೇ ಮೆರಿಟ್ ಮೇಲೆ ಕೊಡಬೇಕು ಅಂತ ಹೇಳಿತು. ಅದಕ್ಕೇ 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾಗಿದ್ದು. ಆಗ ಅವಕ್ಕೆ ಫ್ರೀ ಸೀಟು, ಮಿಕ್ಕಿದ್ದಕ್ಕೆ ಪೇಮೆಂಟ್ ಸೀಟು ಅಂತಲೇ ಹೆಸರು. 2002ರಲ್ಲಿ ಟಿ.ಎಂ.ಎ. ಪೈ ತೀರ್ಪಿನಲ್ಲಿ ಅದೇ ಕೋರ್ಟು ಆ ಏರ್ಪಾಡನ್ನು ತೆಗೆದುಹಾಕಿತು. ಫ್ರೀ ಹೋಯ್ತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ಈಗ ಸರ್ಕಾರಿ ಸೀಟು ಅಂದರೆ ಮ್ಯಾನೇಜ್‌ಮೆಂಟ್ ಸೀಟಿಗಿಂತ ಅಗ್ಗ ಅಂತ ಅರ್ಥ, ಪುಕ್ಕಟೆ ಅಂತಲ್ಲ. ಸರ್ಕಾರಿ ಸೀಟು ಸರ್ಕಾರಿ ಕಾಲೇಜಿನಲ್ಲೇ ಇರಬೇಕು ಅಂತಲೂ ಇಲ್ಲ. ಸೀಟಿನ ಚೀಟಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಕಾಲೇಜಿನ ಹೆಸರಲ್ಲ, ಅದರ ಕೆಳಗೆ ನಮೂದಾಗಿರುವ ಫೀಸು.

ಯಾವ ಸಹಾಯವನ್ನು ದುಡ್ಡು ಅಂತ ನಂಬಬಹುದು, ಯಾವುದನ್ನು ನಂಬಬಾರದು? ನಮ್ಮದು ಒಂದೇ ಅಳತೆ. ಚೀಟಿಯಲ್ಲೇ ಫೀಸು ಇಳಿದಿದ್ದರೆ ಅದು ದುಡ್ಡು. ಆಮೇಲೆ ಅರ್ಜಿ ಹಾಕಿದರೆ ಬರುತ್ತೆ ಅನ್ನುವುದು ಬಂದಾಗ ದುಡ್ಡು, ಅಲ್ಲಿಯವರೆಗೆ ಸೊನ್ನೆ.

ಮೊದಲನೇ ಜಾತಿಯದಕ್ಕೆ ಒಳ್ಳೆ ಉದಾಹರಣೆ ಎಂಜಿನಿಯರಿಂಗಿನ ಎಸ್‌ಎನ್‌ಕ್ಯೂ ಸೀಟು. ಎಐಸಿಟಿಇ ನಿಯಮದ ಪ್ರಕಾರ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟಿಗೆ ಬೋಧನಾ ಶುಲ್ಕ ಇಲ್ಲ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗಿರಬೇಕು ಅಷ್ಟೆ, ಜಾತಿಯ ಕಟ್ಟಿಲ್ಲ. ಸಣ್ಣ ಹಿಡುವಳಿದಾರನ ಮಗುವಿಗೆ ಹೇಳಿ ಮಾಡಿಸಿದ ಸೀಟು. ಆದರೆ ಮಾಫಿ ಆಗೋದು ಬೋಧನಾ ಶುಲ್ಕ ಮಾತ್ರ, ಮಿಕ್ಕ ಫೀಸು ಕಟ್ಟಲೇಬೇಕು. ಒಮ್ಮೆ ಸೇರಿದ ಮೇಲೆ ಕಾಲೇಜಾಗಲಿ ಕೋರ್ಸಾಗಲಿ ಬದಲಾಯಿಸೋ ಹಾಗಿಲ್ಲ. ವರಮಾನದ ಸರ್ಟಿಫಿಕೇಟು ನಾಡಕಛೇರಿಯಿಂದ ಮುಂಚೆಯೇ ತೆಗೆಸಿಟ್ಟಿರಬೇಕು. ಸರ್ಟಿಫಿಕೇಟು ಮನೆಯಲ್ಲಿದ್ದೂ ಸಿಇಟಿ ಅರ್ಜಿಯಲ್ಲಿ ಅದರ ನಂಬರು ತುಂಬದೆ ಬಿಟ್ಟರೆ ಸೀಟೂ ಇಲ್ಲ, ರಿಯಾಯಿತಿಯೂ ಇಲ್ಲ. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದ ಕೋಟಾ ಅಷ್ಟೇ. ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿಗೆ ಕೃಷಿಕರ ಮಕ್ಕಳ ಕೋಟಾ ಬೇರೆ ಇದೆ. ಬೀಜ, ಸಲಕರಣೆ ತೋರಿಸಿ ಗುರುತು ಹಿಡಿಯೋಕೆ ಹೇಳ್ತಾರೆ. ನಮ್ಮ ಮಕ್ಕಳಿಗೆ ಅದೊಂದು ಪರೀಕ್ಷೆಯಲ್ಲಾದರೂ ಪೇಟೆ ಮಕ್ಕಳಿಗಿಂತ ಮುಂದೆ ನಿಲ್ಲುವ ಯೋಗ ಇರಲಿ!

ಎರಡನೇ ಜಾತಿಯದು ಬಹಳ. ರೈತ ವಿದ್ಯಾನಿಧಿ, ಹಿಂದುಳಿದ ವರ್ಗದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, 2013ರಲ್ಲಿ ಶುರುವಾದ ವಿದ್ಯಾಸಿರಿ. ಹಾಸ್ಟೆಲು ಸಿಗದ ಮಕ್ಕಳಿಗೆ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಗೊತ್ತುಮಾಡಿದ್ದರು. ಹೆಣ್ಣುಮಕ್ಕಳು ಡಿಪ್ಲೊಮಾ, ಎಂಜಿನಿಯರಿಂಗು ಸೇರಿದರೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000, ವರಮಾನದ ಗಡಿ ಅಲ್ಲೂ 8 ಲಕ್ಷ. ಮೊತ್ತ ದೊಡ್ಡದು, ಆದರೆ ಆಯ್ಕೆಯಾದರೆ ಮಾತ್ರ. ಇವೆಲ್ಲಕ್ಕೂ ಅರ್ಜಿ ಸೇರಿದ ಮೇಲೆಯೇ. ಕಾಲೇಜಿನವರು ದೃಢೀಕರಿಸಬೇಕು, ಆಧಾರಿನಲ್ಲಿರೋ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ಹೊಂದಬೇಕು, ಬ್ಯಾಂಕು ಖಾತೆಗೆ ಆಧಾರು ಜೋಡಣೆಯಾಗಿರಬೇಕು. ಒಂದು ಅಕ್ಷರ ಆಚೀಚೆ ಆದರೆ ಅರ್ಜಿ ಅಲ್ಲೇ ಮಲಗುತ್ತೆ. ಮೊದಲನೇ ವರ್ಷದ ದುಡ್ಡು ಎರಡನೇ ವರ್ಷದ ಫೀಸು ಕಟ್ಟುವಾಗಲೂ ಬಾರದೆ ಇರೋ ಮನೆಗಳು ನಿಮ್ಮ ಬೀದಿಯಲ್ಲೇ ಇವೆ.

ಇದರಲ್ಲಿ ರೈತರಿಗೇ ಅಂತ ಒಂದು ವಿಶೇಷ ತೊಡಕು. ರೈತ ವಿದ್ಯಾನಿಧಿ ಫ್ರೂಟ್ಸ್ ಐಡಿಯ ಮೇಲೆ ನಿಂತಿರುವಂಥದ್ದು. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ, ಪೌತಿ ಖಾತೆ ಆಗದಿದ್ದರೆ, ಉಳುವ ಅಪ್ಪ ಕಾಗದದ ಮೇಲೆ ರೈತನೇ ಅಲ್ಲ. ಅಣ್ಣತಮ್ಮಂದಿರ ವ್ಯಾಜ್ಯ ಇದ್ದರಂತೂ ಕೇಳಲೇಬೇಡಿ. ಮಗು ಪಿಯುಸಿಗೆ ಬಂದ ವರ್ಷವೇ ಪಹಣಿ ಸರಿಮಾಡಿಸಿಕೊಳ್ಳಿ, ಸೀಟು ಬಂದ ವಾರ ಆಗುವ ಕೆಲಸ ಅದಲ್ಲ.

ಹಾಸ್ಟೆಲಿನ ವಿಷಯ ಬೇರೆಯೇ ಹೇಳಬೇಕು. ಫೀಸಿನ ಜೊತೆಗೇ ರೈತನ ಬೆನ್ನು ಮುರಿಯೋದು ಮೈಸೂರಿನ ಊಟ, ರೂಮು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1972ರಲ್ಲಿ ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ಅದರ ವರದಿ ಬಂತು. ಹಿಂದುಳಿದವರ ಮಕ್ಕಳು ಪೇಟೆಯಲ್ಲಿ ಓದುವುದಕ್ಕೆ ಊಟ-ವಾಸವೇ ಮೊದಲ ಅಡ್ಡಿ ಅನ್ನುವುದು ಆ ಕಾಲದವರಿಗೆ ಗೊತ್ತಿತ್ತು. ಇವತ್ತೂ ಅಷ್ಟೇ. ಸರ್ಕಾರಿ ಹಾಸ್ಟೆಲಿನಲ್ಲಿ ಒಂದು ಜಾಗ ಸಿಕ್ಕಿದರೆ ನಾಲ್ಕು ಸ್ಕಾಲರ್‌ಷಿಪ್ಪಿಗೆ ಸಮ, ಯಾಕಂದರೆ ಅದಕ್ಕೆ ಬಡ್ಡಿಯವನು ಕೈಹಾಕಲಾರ. ಆದರೆ ಅಲ್ಲೂ ಜಾಗ ಸಿಕ್ಕಿತೋ ಇಲ್ಲವೋ ಅನ್ನೋದು ಸೇರಿದ ಮೇಲೆಯೇ ತಿಳಿಯೋದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತವಾಗಿದೆ. ಹುಣಸೂರು, ಕೆ.ಆರ್. ನಗರದಿಂದ ದಿನಾ ಮೈಸೂರಿಗೆ ಹೋಗಿಬರುವ ಹುಡುಗಿಗೆ ಅದು ನಿಜವಾದ ವಿದ್ಯಾರ್ಥಿವೇತನ, ಅರ್ಜಿ ಇಲ್ಲ, ಕಾಯೋದಿಲ್ಲ. ಕೋಟೆಯ ಕಾಡಂಚಿನ ಊರಿನ ಹುಡುಗಿಗೆ ಬಸ್ಸೇ ಬಾರದಿದ್ದರೆ ಉಚಿತ ಇದ್ದು ಏನು ಬಂತು, ಅದು ಬೇರೆ ಮಾತು.

ಒಂದು ಕಹಿ ಮಾತೂ ಹೇಳಿಬಿಡ್ತೀವಿ. ದುಡ್ಡು ಖಾತರಿ ಇಲ್ಲ ಅಂದಾಗ ನಮ್ಮ ಮನೆಗಳಲ್ಲಿ ಮಗನಿಗೆ ಸಾಲ ಮಾಡ್ತಾರೆ, ಮಗಳಿಗೆ "ಇಲ್ಲೇ ಹತ್ತಿರದ ಡಿಗ್ರಿ ಕಾಲೇಜು ಸಾಕು ಬುಡವ್ವ" ಅಂತಾರೆ. ಹತ್ತಿರದ ಸರ್ಕಾರಿ ಡಿಗ್ರಿ ಕಾಲೇಜು ಕೀಳೇನಲ್ಲ, ಸಾಲ ಇಲ್ಲದೆ ಓದುವ ದಾರಿ ಅದು. ಆದರೆ ಆ ದಾರಿಯನ್ನು ಮಗಳಿಗೆ ಮಾತ್ರ ತೋರಿಸುವುದು ಯಾವ ನ್ಯಾಯ? ಲೆಕ್ಕ ಇಬ್ಬರಿಗೂ ಒಂದೇ ಇರಲಿ.

ಇನ್ನು ಬ್ಯಾಂಕು. ವಿದ್ಯಾ ಸಾಲ ಇದೆಯಲ್ಲ, ಬಡ್ಡಿಯವನ ಹತ್ತಿರ ಯಾಕೆ ಹೋಗಬೇಕು ಅಂತ ಪೇಟೆಯವರು ಕೇಳುತ್ತಾರೆ. ಸರಿ, ಇದೆ. 4 ಲಕ್ಷದವರೆಗಿನ ವಿದ್ಯಾ ಸಾಲಕ್ಕೆ ಜಮೀನಾಗಲಿ ಒಡವೆಯಾಗಲಿ ಅಡಮಾನ ಕೇಳಕೂಡದು ಅಂತ ರಿಸರ್ವ್ ಬ್ಯಾಂಕಿನ ಆದೇಶವೇ ಇದೆ. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿರುವ ದೊಡ್ಡ ಕಾಲೇಜು ಸೇರಿದರೆ ಅಡಮಾನ, ಜಾಮೀನು ಎರಡೂ ಇಲ್ಲ. ವರಮಾನ 8 ಲಕ್ಷದವರೆಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ನೂರಕ್ಕೆ 3 ರಿಯಾಯಿತಿ. ಆದರೆ ಅದು ಇಡೀ ದೇಶದಲ್ಲಿ ವರ್ಷಕ್ಕೆ 1 ಲಕ್ಷ ಮಕ್ಕಳಿಗೆ. ಪಟ್ಟಿ ಶುರುವಾದಾಗ ಅದರಲ್ಲಿದ್ದ ಸಂಸ್ಥೆಗಳು 860. ನಿಮ್ಮ ಮಗುವಿಗೆ ಸಿಕ್ಕ ಕಾಲೇಜು ಪಟ್ಟಿಯಲ್ಲಿದೆಯೋ ಇಲ್ಲವೋ ನೋಡಿಕೊಂಡೇ ಸೀಟು ಒಪ್ಪಬೇಕು, ಒಪ್ಪಿಕೊಂಡು ಆಮೇಲೆ ನೋಡುವುದಲ್ಲ.

ಬ್ಯಾಂಕಿನಲ್ಲಿ ರೈತ ಎಡವುವ ಕಲ್ಲು ಮಾತ್ರ ಬೇರೆ. ಅದರ ಹೆಸರು ಸಿಬಿಲ್. ಒಂದು ವರ್ಷ ಮಳೆ ಕೈಕೊಟ್ಟು ಬೆಳೆಸಾಲ ಸುಸ್ತಿಯಾಗಿರುತ್ತೆ, ಅಥವಾ ಶುಂಠಿ ಬೆಲೆ ಬಿದ್ದು ಟ್ರ್ಯಾಕ್ಟರಿನ ಕಂತು ನಿಂತಿರುತ್ತೆ. ಅಪ್ಪನ ಆ ಸುಸ್ತಿಗೆ ಮಗಳ ಸೀಟು ಬಲಿ. ನಮ್ಮ ಕೋಟೆಯಿಂದ ಬಾವಲಿ ದಾಟಿದರೆ ಕೇರಳ. ಅಲ್ಲಿನ ಹೈಕೋರ್ಟು 2023ರಲ್ಲಿ ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ವಿದ್ಯಾ ಸಾಲದ ಅರ್ಜಿ ತಳ್ಳಿಹಾಕಬಾರದು ಅಂತ ಹೇಳಿತು. ಆ ತೀರ್ಪು ನಮ್ಮ ರಾಜ್ಯದ ಬ್ಯಾಂಕುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಮ್ಯಾನೇಜರು ಬಾಯಿಮಾತಲ್ಲಿ ಇಲ್ಲ ಅಂದಾಗ ಎದ್ದು ಬರಬೇಡಿ, ಕಾರಣ ಬರೆದುಕೊಡಿ ಅಂತ ಕೇಳಿ. ಬರೆದುಕೊಡಬೇಕು ಅಂದ ಕೂಡಲೇ ಎಷ್ಟೋ "ಇಲ್ಲ"ಗಳು "ನೋಡೋಣ" ಆಗುತ್ತವೆ. ಅರ್ಜಿಯನ್ನು ಸೀಟು ಬಂದ ಮೇಲೆ ಕೊಡುವ ಬದಲು ಸಿಇಟಿ ರ‍್ಯಾಂಕು ಬಂದ ವಾರವೇ ಹೋಗಿ ಏನೇನು ಕಾಗದ ಬೇಕು ಅಂತ ಪಟ್ಟಿ ತಂದುಬಿಡಿ.

ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ತೆಗೆದು ಫೀಸು ಕಟ್ಟೋರು ಇದ್ದಾರೆ. ಬೈಯ್ಯೋಕೆ ಮನಸ್ಸಾಗುವುದಿಲ್ಲ, ಅದಕ್ಕಿಂತ ಅಗ್ಗದ ದುಡ್ಡು ಇನ್ನೆಲ್ಲಿದೆ? ಆದರೆ ಗಡುವು ತಪ್ಪಿದರೆ ಬಡ್ಡಿಯೂ ಬೀಳುತ್ತೆ, ಮುಂದಿನ ವರ್ಷದ ಬೆಳೆಸಾಲಕ್ಕೂ ಕಲ್ಲು ಬೀಳುತ್ತೆ, ಅದನ್ನು ತಿಳಿದುಕೊಂಡು ಮಾಡಿ.

ಹಾಗಾದರೆ ಆ ನಾಕೈದು ದಿನದಲ್ಲಿ ತೀರ್ಮಾನ ಮಾಡೋದು ಹೇಗೆ? ಒಂದು ವರ್ಷದ ಫೀಸು ನೋಡಬೇಡಿ, ನಾಲ್ಕು ವರ್ಷದ ಒಟ್ಟು ಖರ್ಚು ನೋಡಿ. ಫೀಸಿನಷ್ಟೇ ಊಟ, ವಾಸ, ಪುಸ್ತಕಕ್ಕೂ ಹಿಡಿಯಿರಿ. ಲಕ್ಷದ ಸೀಟು ನಾಲ್ಕು ವರ್ಷಕ್ಕೆ ಏಳೆಂಟು ಲಕ್ಷದ ಸೀಟು. ಅದರಲ್ಲಿ ಸ್ಕಾಲರ್‌ಷಿಪ್ಪಿನ ಕಾಲಂನಲ್ಲಿ ಸೊನ್ನೆ ಹಾಕಿ. ಸೊನ್ನೆ ಹಾಕಿಯೂ ತೂಗಿದರೆ ಧೈರ್ಯವಾಗಿ ಒಪ್ಪಿಕೊಳ್ಳಿ, ಆಮೇಲೆ ಬಂದದ್ದೆಲ್ಲ ಲಾಭ. ತೂಗದಿದ್ದರೆ ಸಿಇಟಿಯಲ್ಲಿ ಇನ್ನೊಂದು ಸುತ್ತು ಇದೆ. ಒಂದನೇ ಚಾಯ್ಸ್ ಅಂದರೆ ಇದೇ ಸೀಟು ಸಾಕು, ಸೇರ್ತೀನಿ ಅಂತ. ಎರಡನೇದು, ಇದನ್ನು ಇಟ್ಟುಕೊಂಡು ಇನ್ನೂ ಒಳ್ಳೇದಕ್ಕೆ ಕಾಯ್ತೀನಿ ಅಂತ. ಮೂರನೇದು, ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ ಅಂತ. ನಾಲ್ಕನೇದು, ಪೂರಾ ಬಿಟ್ಟೆ ಅಂತ. ಮೂರನೇದನ್ನು ಒತ್ತಿದರೆ ಕೈಲಿದ್ದ ಸೀಟು ಹೋಗುತ್ತೆ ಅನ್ನೋದು ನೆನಪಿರಲಿ. ಸೈಬರ್ ಸೆಂಟರಿನ ಹುಡುಗನ ಕೈಗೆ ಪಾಸ್‌ವರ್ಡು ಕೊಟ್ಟು ಮನೆಗೆ ಬರಬೇಡಿ, ಪಕ್ಕದಲ್ಲೇ ನಿಂತು ಒತ್ತಿಸಿ.

2023-24ರ ಹರಾಜಿನಲ್ಲಿ ಹೊಗೆಸೊಪ್ಪಿಗೆ ಒಳ್ಳೇ ಬೆಲೆ ಸಿಕ್ಕಿತು. ಅಂಥ ವರ್ಷ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಏಜೆಂಟರು ಮ್ಯಾನೇಜ್‌ಮೆಂಟ್ ಸೀಟು ಹಿಡಿದುಕೊಂಡು ಬರುತ್ತಾರೆ, ಆಮೇಲೆ ಸ್ಕಾಲರ್‌ಷಿಪ್ಪು ಮಾಡಿಸಿಕೊಡ್ತೀವಿ ಅಂತಾರೆ. ಬೆಲೆ ಒಂದು ವರ್ಷದ್ದು, ಫೀಸು ನಾಲ್ಕು ವರ್ಷದ್ದು. ಎರಡನೇ ವರ್ಷ ಕಟ್ಟಲಾರದೆ ಬಿಟ್ಟರೆ ಹೋದ ದುಡ್ಡು ಹೋಯಿತು. ಹಾಗೆ ಬಿಡಬೇಕಾಗಿ ಬಂದ ಮಗುವಿನ ಅಸಲು ಮಾರ್ಕ್ಸ್ ಕಾರ್ಡು, ಟಿಸಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಸೂಚನೆ ಹೊರಡಿಸಿದೆ. ಅದನ್ನು ತೋರಿಸಿ ಕೇಳಿ.

ಇಷ್ಟು ನಮ್ಮ ಕೈಲಿರೋದು. ಇದಕ್ಕಿಂತ ದೊಡ್ಡ ಪಾಲು ಸರ್ಕಾರದ ಕೈಲಿದೆ. ಅವರಿಗೆ ನಮ್ಮ ಬಗ್ಗೆ ಗೊತ್ತಿಲ್ಲದ್ದು ಏನಿದೆ ಹೇಳಿ? ಪಹಣಿ ಅವರ ಕಂಪ್ಯೂಟರಿನಲ್ಲಿದೆ, ಫ್ರೂಟ್ಸ್ ಐಡಿ ಅವರದ್ದೇ, ವರಮಾನ-ಜಾತಿ ಸರ್ಟಿಫಿಕೇಟು ಕೊಟ್ಟವರು ಅವರೇ, ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರವೂ ಅವರದ್ದೇ. ಬೆಳೆಸಾಲ ಸುಸ್ತಿಯಾದರೆ ಒಂದೇ ಗುಂಡಿ ಒತ್ತಿ ನಮ್ಮ ಜಾತಕ ತೆಗೆಯುವವರಿಗೆ, ಈ ಮಗುವಿಗೆ ಇಷ್ಟು ಸಹಾಯ ಸಿಗುತ್ತೆ ಅಂತ ಸೀಟಿನ ಚೀಟಿಯ ಮೇಲೆಯೇ ಅಚ್ಚು ಹಾಕೋಕೆ ಯಾಕಾಗದು?

ಅಮೆರಿಕದ ಉದಾಹರಣೆ ಕೊಟ್ಟರೆ ನಗಬೇಡಿ. ಅಲ್ಲಿನ ಕಾಲೇಜು ಫೀಸು ನಮ್ಮದಕ್ಕಿಂತ ಘೋರ, ಅವರ ಪದ್ಧತಿ ನಮಗೆ ಬೇಡ. ಆದರೆ ಅಲ್ಲಿ ಸೀಟು ಕೊಟ್ಟ ಕಾಲೇಜು, ನಿನಗೆ ಇಷ್ಟು ಸಹಾಯ ಅಂತ ಕಾಗದವನ್ನೂ ಕಳಿಸುತ್ತೆ, ಅದನ್ನು ನೋಡಿಕೊಂಡು ಮಗು ಮೇ 1ರೊಳಗೆ ಒಪ್ಪಿಕೊಳ್ಳೋದು ವಾಡಿಕೆ. 2024ರಲ್ಲಿ ಅವರ ಸರ್ಕಾರ ಸಹಾಯದ ಅರ್ಜಿ ನಮೂನೆಯನ್ನು ತಿಂಗಳುಗಟ್ಟಲೆ ತಡಮಾಡಿತು. ಕಾಗದಗಳು ಹೊತ್ತಿಗೆ ಹೋಗಲಿಲ್ಲ. ಆಗ ಅನೇಕ ಕಾಲೇಜುಗಳು ಒಪ್ಪಿಗೆಯ ಗಡುವನ್ನೇ ಮೇ 15ಕ್ಕೆ, ಜೂನ್ 1ಕ್ಕೆ ಮುಂದೂಡಿದವು. ಸಹಾಯ ಎಷ್ಟು ಅಂತ ತಿಳಿಸದೆ ಗಡುವು ಹೇರಬಾರದು ಅನ್ನುವಷ್ಟು ನಾಚಿಕೆ ಅವರಿಗಾದರೂ ಇತ್ತು.

ನಾವು ಕೇಳುವುದು ಇಷ್ಟೇ. ಸೀಟಿನ ಚೀಟಿಯಲ್ಲೇ ಸಹಾಯದ ಮೊತ್ತ ಬರೆಯಿರಿ, ಅದನ್ನು ಕಳೆದು ಮಿಕ್ಕ ಫೀಸನ್ನು ಮಾತ್ರ ಕಟ್ಟಿಸಿಕೊಳ್ಳಿ, ಕಳೆದದ್ದನ್ನು ಸರ್ಕಾರ ಕಾಲೇಜಿಗೆ ತುಂಬಲಿ. ತಡವಾದರೆ ಕಾಲೇಜು ಸರ್ಕಾರವನ್ನು ಕೇಳಲಿ, ರೈತನನ್ನಲ್ಲ. ಹೊಗೆಸೊಪ್ಪು, ಭತ್ತದ ಸೀಮೆಯ ಮಕ್ಕಳ ಫೀಸಿಗೆ ಎರಡು ಕಂತು ಮಾಡಿ, ದೊಡ್ಡ ಕಂತು ಜನವರಿಗಿರಲಿ. ಬೆಳೆಸಾಲದ ಸುಸ್ತಿಯನ್ನು ಮಕ್ಕಳ ವಿದ್ಯಾ ಸಾಲದ ಲೆಕ್ಕಕ್ಕೆ ತರಬೇಡಿ.

ಈ ಮನವಿಗೆ ನಾಲ್ಕೂ ತಾಲ್ಲೂಕಿನ ಹಳ್ಳಿಗಳಲ್ಲಿ ಸಹಿ ಸಂಗ್ರಹ ಮಾಡಿ ತಹಸೀಲ್ದಾರರ ಮೂಲಕ ಬೆಂಗಳೂರಿಗೆ ಕಳಿಸೋಣ. ಸಹಿಯ ಪಕ್ಕ ಮಗು ಓದುತ್ತಿರುವ ಕೋರ್ಸು, ಕಟ್ಟಿದ ಫೀಸು, ಅದಕ್ಕೆ ಮಾಡಿದ ಸಾಲ, ಸ್ಕಾಲರ್‌ಷಿಪ್ಪು ಖಾತೆಗೆ ಬಂದ ತಾರೀಖು ಬರೆಯಿರಿ. ಇನ್ನೂ ಬಂದಿಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟು ಕೊಡಿ.